ಅಟ್ಟದ ಮೇಲಿನ ಹಂಡೆ, ಪೆಟ್ಟಿಗೆಯೊಳಗಿನ ಕೌದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಹಳೇ ಸಾಮಾನು, ಕೈಕೆಲಸದ ಸಾಮಾನಿನ ಬಗ್ಗೆಯೇ ಇವೆ. ದಸರಾ ಗೊಂಬೆ ಇಳಿಸೋಕೆ ಅಂತ ಅಟ್ಟ ಹತ್ತಿದವರೆಲ್ಲ ಇನ್ನೇನೇನೋ ಇಳಿಸಿಕೊಂಡು ಕೂತಿದ್ದಾರೆ ಅಂತ ಕಾಣುತ್ತೆ. ಹಾಗಾಗಿ ಸೊಸೆ-ಅತ್ತೆ ಜಗಳದ ಪತ್ರಗಳು ಮುಂದಿನ ಸಂಚಿಕೆಗೆ.

ಅಕ್ಕ, ಅಜ್ಜಿ ಮನೆ ಅಟ್ಟದಿಂದ ಎರಡು ಹಿತ್ತಾಳೆ ಪಾತ್ರೆ, ಒಂದು ತಾಮ್ರದ ಹಂಡೆ, ನಾಲ್ಕು ತಟ್ಟೆ ಸಿಕ್ಕಿವೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ತಗೊಳ್ತೀನಿ ಅಂತಿದ್ದಾನೆ. ಅಮ್ಮ ಕೊಡಬೇಡ ಅಂತಾರೆ, ಆದರೆ ಅವರೂ ಅದರಲ್ಲಿ ಅಡುಗೆ ಮಾಡಲ್ಲ. ಏನು ಮಾಡಲಿ? (ಹಾಸನದ ಓದುಗರು)

ಕೊಡಬೇಡಿ. ಅಮ್ಮ ಹೇಳಿದ್ದೇ ಸರಿ, ಅಡುಗೆ ಮಾಡದೇ ಇರೋದು ಮಾತ್ರ ತಪ್ಪು.

ಮೊದಲು ಆ ತಟ್ಟೆಗಳನ್ನು ನೋಡಿ. ಒಂದನ್ನು ಬೆರಳ ತುದಿಯ ಮೇಲೆ ಇಟ್ಟುಕೊಂಡು ಅಂಚಿಗೆ ಚಮಚದಿಂದ ಮೆಲ್ಲಗೆ ತಟ್ಟಿ. ಸದ್ದು ತುಂಬ ಹೊತ್ತು ಎಳೆದುಕೊಂಡು ಹೋದರೆ ಅದು ಕಂಚು. ಕಂಚಿನ ಕಂಠ ಅನ್ನೋ ಮಾತು ಸುಮ್ನೆ ಬಂದಿದ್ದಲ್ಲ. ಕಂಚು ಅಂದರೆ ತಾಮ್ರಕ್ಕೆ ತವರ ಸೇರಿಸಿದ್ದು, ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಸೇರಿಸಿದ್ದು. ಕಂಚಿನ ತಟ್ಟೆಯಲ್ಲಿ ಇವತ್ತೇ ಊಟ ಮಾಡಬಹುದು, ಅದಕ್ಕೆ ಕಲಾಯಿ (ಒಳಗೆ ಬಳಿಯುವ ತವರದ ಲೇಪ) ಬೇಡ. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಮಾತ್ರ ಒಡೆದೇ ಹೋಗಬಹುದು, ಹಿತ್ತಾಳೆ ಹಾಗೆ ಒಡೆಯಲ್ಲ, ನೆಗ್ಗುತ್ತೆ ಅಷ್ಟೆ.

ಹಿತ್ತಾಳೆ ಪಾತ್ರೆಗೆ ಒಳಗೆ ಕಲಾಯಿ ಇರಲೇಬೇಕು. ನಾನೊಮ್ಮೆ ಜಂಭಕ್ಕೆ, ನೆಂಟರು ಬಂದಿದ್ದಾರೆ ಅಂತ, ಕಲಾಯಿ ಬಿಟ್ಟುಹೋಗಿದ್ದ ಪಾತ್ರೆಯಲ್ಲಿ ಹುಣಸೆಹುಳಿ ಹಿಂಡಿ ಸಾರು ಕುದಿಸಿ, ಇಡೀ ಸಾರನ್ನು ಬಚ್ಚಲಿಗೆ ಚೆಲ್ಲಿದ್ದೇನೆ. ಹುಳಿ ತಾಗಿದರೆ ಲೋಹ ಬಿಟ್ಟುಕೊಳ್ಳುತ್ತೆ, ಸಾರು ಕಿಲುಬು ಕಿಲುಬು. ಹಳೇ ಪೇಟೆ ಇರುವ ಊರಲ್ಲಿ ಪಾತ್ರೆ ಅಂಗಡಿಯವರನ್ನು ಕೇಳಿದರೆ ಕಲಾಯಿ ಸಾಬಿ ಎಲ್ಲಿ ಕೂರ್ತಾರೆ ಅಂತ ಈಗಲೂ ಹೇಳ್ತಾರೆ. ಪಾತ್ರೆ ಕೊಟ್ಟು ಬಂದುಬಿಡಬೇಡಿ, ನಿಂತು ನೋಡಿ. ಇದ್ದಿಲ ಬೆಂಕಿಯ ಮೇಲೆ ಪಾತ್ರೆ ಕಾಯಿಸಿ, ಒಳಗೆ ಒಂದು ಚಿಟಿಕೆ ನವಸಾಗರದ (ಒಂದು ಥರದ ಉಪ್ಪು) ಪುಡಿ ಎಸೀತಾರೆ. ಬುಸ್ಸಂತ ಬಿಳಿ ಹೊಗೆ ಏಳುತ್ತೆ. ತವರದ ಕಡ್ಡಿ ಹಾಗೇ ಮುಟ್ಟಿಸಿದರೆ ಸಾಕು, ಕರಗಿ ನೀರಾಗುತ್ತೆ. ಅದನ್ನು ಬಟ್ಟೆಯುಂಡೆಯಿಂದ ಒಂದು ಸುತ್ತು ಒರೆಸಿದರೆ ಹಳದಿ ಪಾತ್ರೆಯ ಒಳಗೆಲ್ಲ ಬೆಳ್ಳಿ. ಎರಡು ನಿಮಿಷದ ಕೆಲಸ, ಆದರೆ ಎರಡು ಸೆಕೆಂಡ್ ತಡವಾದರೆ ಗಂಟುಗಂಟು.

ಹಂಡೆಗೆ ಏನೂ ಮಾಡಿಸಬೇಡಿ. ಸ್ನಾನದ ನೀರಿಗೆ ಕಲಾಯಿ ಯಾಕೆ? ಹೊರಗಿನ ಕಪ್ಪನ್ನು ಪೂರ್ತಿ ಉಜ್ಜಿ ತೆಗೆಯುವ ಹುಚ್ಚೂ ಬೇಡ. ಅಷ್ಟು ವರ್ಷ ಸೌದೆ ಒಲೆ ಕಂಡ ಹಂಡೆ ಅಂಗಡಿಯಲ್ಲಿ ಪಾಲಿಶ್ ಮಾಡಿಟ್ಟ ಹೂಕುಂಡದ ಹಾಗೆ ಕಾಣಬೇಕಾಗಿಲ್ಲ.

ತಮ್ಮನ ಮಗುವಿಗೆ ಚನ್ನಪಟ್ಟಣದ ಗೊಂಬೆ ಅಂತ ದಾರಿಬದಿಯಲ್ಲಿ ತಂದೆ. ಮಗು ಬಾಯಿಗಿಟ್ಟ ಮೇಲೆ ಬಣ್ಣ ಬಿಡ್ತಿದೆ. ಅಸಲಿ ಗುರುತಿಸೋದು ಹೇಗೆ? (ಬೆಂಗಳೂರು)

ಮೊದಲು ಅದನ್ನು ಮಗುವಿನ ಕೈಯಿಂದ ತೆಗೆದುಕೊಳ್ಳಿ, ಮಿಕ್ಕಿದ್ದು ಆಮೇಲೆ.

ಚನ್ನಪಟ್ಟಣದ ಗೊಂಬೆಗೆ ಬಣ್ಣ ಬಳಿಯೋದೇ ಇಲ್ಲ, ಅದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗೀತು. ಆಲೆ ಮರ ಅಂತ ಬೆಳ್ಳಗಿನ ಹಗುರ ಮರ, ಅದನ್ನು ಲೇತಿಗೆ ಸಿಗಿಸಿ ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತೆ. ಅದರ ಮೇಲೆ ಕೇದಗೆಯ ಗರಿ ಒತ್ತಿದರೆ ಹೊಳಪು. ಕೇದಗೆ ಹೂವು ಜಡೆಗೆ, ಗರಿ ಗೊಂಬೆಗೆ! ಅರಿಶಿನ, ನೀಲಿ ಅಂತ ಗಿಡದ ಬಣ್ಣಗಳನ್ನೇ ಅರಗಿಗೆ ಬೆರೆಸಿ ಮಾಡುವವರು ಇದ್ದಾರೆ, ಪುಟ್ಟ ಮಕ್ಕಳಿಗೆ ಅಂತ ಕೇಳಿ ಅದನ್ನೇ ತಗೊಳ್ಳಿ.

ಹಾಗಾಗಿ ಗುರುತು ಇಷ್ಟೇ: ಬಣ್ಣದ ಪಟ್ಟಿಗಳು ಗೊಂಬೆಯ ಸುತ್ತ ಬಳೆ ತೊಡಿಸಿದ ಹಾಗೆ ನೆಟ್ಟಗೆ ಸುತ್ತಿರುತ್ತವೆ. ಬ್ರಷ್‌ನ ಗೆರೆ, ಬಣ್ಣ ಇಳಿದ ಹನಿ ಕಂಡರೆ ಅನುಮಾನ ಪಡಿ (ಕಣ್ಣು, ಮೂಗು, ತಿಲಕ ಬಿಟ್ಟು, ಅವನ್ನು ಬ್ರಷ್‌ನಲ್ಲೇ ಬರೆಯೋದು). ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದರೆ ಅರಗಿನ ಬಣ್ಣ ಬರಬಾರದು.

ಅಸಲಿಯನ್ನೇ ತಂದರೂ ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟ್‌ಗೆ ಕರಗುತ್ತೆ. ಹೊಸ ಗೊಂಬೆ ಕೈಗೆ ಅಂಟ್ತಿದೆ ಅಂತ ದೂರು ಬರೆಯುವವರಲ್ಲಿ ಕೆಲವರು ಈ ಕೆಲಸ ಮಾಡಿರುತ್ತಾರೆ. ನೀರಲ್ಲಿ ನೆನೆಹಾಕುವುದೂ ಬೇಡ, ಮರ ಉಬ್ಬುತ್ತೆ. ಬೆಂಗಳೂರಿಂದ ಚನ್ನಪಟ್ಟಣ 60 ಕಿಲೋಮೀಟರ್. ಒಂದು ಬೆಳಿಗ್ಗೆ ಊರೊಳಗೇ ಹೋಗಿ ಬನ್ನಿ, ಹೆದ್ದಾರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಂದೂಕಿನ ಪಕ್ಕ ನೇತಾಡುವುದೆಲ್ಲ ಆ ಊರಿನದ್ದಲ್ಲ.

ಇಳಕಲ್ ಸೀರೆ ಒಂದು ಕಡೆ ಎಂಟುನೂರು, ಇನ್ನೊಂದು ಕಡೆ ಅದರ ಹತ್ತು ಪಟ್ಟು. ನೋಡೋಕೆ ಎರಡೂ ಒಂದೇ. ಮೋಸ ಅಲ್ವಾ? (ಪುಣೆಯಲ್ಲಿರುವ ಬಾಗಲಕೋಟೆಯವರು)

ಮಗ್ಗದ್ದು ಅಂತ ಹೇಳಿ ಪವರ್‌ಲೂಮ್ ಸೀರೆ ಕೊಟ್ಟರೆ ಮೋಸ. ಪವರ್‌ಲೂಮ್ ಅಂತ ಹೇಳಿಯೇ ಕೊಟ್ಟರೆ ಅದು ವ್ಯಾಪಾರ, ದಿನಾ ಉಡೋಕೆ ಅದೂ ಚೆನ್ನಾಗಿರುತ್ತೆ.

ಸೀರೆ ಬಿಚ್ಚಿ ಮೈ ಮತ್ತು ಸೆರಗು ಸೇರುವ ಜಾಗ ನೋಡಿ. ಕೈಮಗ್ಗದ ಇಳಕಲ್‌ನಲ್ಲಿ ಮೈಯ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ ಇರಬಹುದು. ಎರಡನ್ನೂ ಎಳೆ ಎಳೆಗೆ ಕೊಕ್ಕೆ ಹಾಕಿದ ಹಾಗೆ ಕೈಯಿಂದ ಜೋಡಿಸುತ್ತಾರೆ, ಅದಕ್ಕೇ ತೋಪು ತೆನಿ ಅನ್ನೋದು. ಒಂದೊಂದು ಸೀರೆಗೂ ಸಾವಿರಾರು ಎಳೆ. ನಿಮ್ಮ ಊರಿನ ಕಡೆಯದ್ದೇ ಸೀರೆ, ಊರಿಗೆ ಹೋದಾಗ ಒಂದು ತಾಸು ಮಗ್ಗದ ಮನೆಯಲ್ಲಿ ಕೂತು ಬನ್ನಿ. ಆಮೇಲೆ ಬೆಲೆ ಮಾತಾಡೋಣ. ಹಾಗೇ ಬರುವಾಗ ಒಂದು ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ತನ್ನಿ, ಇಳಕಲ್‌ಗೆ ಬೇರೆ ರವಿಕೆ ಒಪ್ಪೋದೇ ಇಲ್ಲ. ಇದು ನನ್ನ ಅಭಿಪ್ರಾಯ, ನಮ್ಮ ಸಂಪಾದಕರು ಒಪ್ಪಲ್ಲ.

ಕಸೂತಿ ಕೈಯದ್ದೋ ಮಷೀನಿನದ್ದೋ ಹೇಗೆ ಗೊತ್ತಾಗುತ್ತೆ? (ಶಿವಮೊಗ್ಗ)

ತಿರುಗಿಸಿ ನೋಡಿ. ಕಸೂತಿಗೆ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ, ಮುರಗಿಯಲ್ಲಿ ಹಿಂದೆ ಮುಂದೆ ಎರಡೂ ಒಂದೇ ಥರ ಇರುತ್ತೆ. ಗಂಟು ಹಾಕಿರಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡೂ ಇರಲ್ಲ, ಎಳೆ ಎಣಿಸಿ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲ ಎಬ್ಬಿಸೋದು. ಅಲ್ಲೆಲ್ಲೋ ಒಂದು ಎಳೆ ತಪ್ಪಿ ಆನೆ ಕಾಲು ಗಿಡ್ಡ ಆಗಿದ್ದರೆ ಖುಷಿಪಡಿ. ಹಿಂದೆ ಒಂದೇ ಬಣ್ಣದ ಇನ್ನೊಂದು ದಾರ ಉದ್ದಕ್ಕೂ ಓಡಿದ್ದರೆ, ಮುಟ್ಟಿದರೆ ಬಿರುಸಾಗಿದ್ದರೆ ಮಷೀನು.

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕಂಚಿನ ವಿಗ್ರಹ ನೋಡಿದೆ. ಇನ್ನೂರು ವರ್ಷದ್ದು ಅಂತಾನೆ. ಅಕ್ಕ ದುಬೈಲಿದ್ದಾಳೆ, ಅವಳ ಗೃಹಪ್ರವೇಶಕ್ಕೆ ಕೊಡೋಣ ಅಂತ. (ಮಂಗಳೂರು)

ಅವನು ಹೇಳೋದು ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು, ನಿಜವಾದರೆ ವಿಮಾನ ನಿಲ್ದಾಣದಲ್ಲಿ ನೀವು ಸಿಕ್ಕಿಬಿದ್ದಿರಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಕಲಾವಸ್ತು ಪ್ರಾಚ್ಯವಸ್ತು ಅನಿಸಿಕೊಳ್ಳುತ್ತೆ, ಹಸ್ತಪ್ರತಿಗಾದರೆ 75 ವರ್ಷ. ಅದನ್ನು ಖಾಸಗಿಯವರು ದೇಶದಿಂದ ಆಚೆ ಒಯ್ಯುವ ಹಾಗಿಲ್ಲ, ಮಾರುವವನಿಗೆ ಲೈಸೆನ್ಸ್ ಇರಬೇಕು, ವಿಗ್ರಹ ನೋಂದಣಿ ಆಗಿರಬೇಕು. ಇನ್ನೊಂದು ಮಾತು, ಯಾವ ಗುಡಿಯಿಂದ ಬಂತು ಅಂತ ಗೊತ್ತಿಲ್ಲದ ದೇವರನ್ನು ಗೃಹಪ್ರವೇಶಕ್ಕೆ ಕೊಡೋದು ನನಗಂತೂ ಸರಿ ಕಾಣಲ್ಲ. ಹಳೇದೇ ಬೇಕಿದ್ದರೆ ಚೆನ್ನೆಮಣೆ ಹುಡುಕಿ. ನಿಮ್ಮ ಕಡೆ ಇನ್ನೂ ಸಿಗುತ್ತೆ, 14 ಗುಳಿ ಸವೆದು ನುಣ್ಣಗಾಗಿರುವುದು. ಅಕ್ಕನ ಮಕ್ಕಳು ಆಡ್ತಾರೆ.

ನಾನು ಕ್ರೋಷೆಯಲ್ಲಿ ಬ್ಯಾಗ್, ತೋರಣ ಮಾಡ್ತೀನಿ. ಎಲ್ಲರೂ ತುಂಬಾ ಚೆನ್ನಾಗಿದೆ ಅಂತಾರೆ, ಬೆಲೆ ಹೇಳಿದ ಕೂಡಲೇ "ಇಷ್ಟೊಂದಾ, ನಮಗೂ ಇಷ್ಟೇನಾ?" ಅಂತಾರೆ. ನೆಂಟರಂತೂ ಫ್ರೀ ಕೇಳ್ತಾರೆ. (ತುಮಕೂರು)

ತಂಗಿ, ನಾನೂ "ಇಷ್ಟೊಂದಾ" ಅನ್ನುವವರ ಕಡೆಯವಳೇ ಆಗಿದ್ದೆ. ಒಂದು ಮೇಳದಲ್ಲಿ ಬೀದರಿನ ಕುಶಲಕರ್ಮಿಯೊಬ್ಬರ ಮಳಿಗೆ ಮುಂದೆ ನಿಂತು, ಪುಟ್ಟ ಬಿದ್ರಿ ಡಬ್ಬಿಗೆ ಚೌಕಾಸಿ ಶುರು ಮಾಡಿದೆ. ಆ ಹಿರಿಯರು ಏನೂ ಹೇಳಲಿಲ್ಲ, ಕೂತ್ಕೊಳ್ಳಿ ಅಂದರು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಡಬ್ಬಿ, ಅದರ ಮೇಲೆ ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಕಾಲುವೆ ತೋಡುತ್ತಾ ಇದ್ದರು. ಬೆಳ್ಳಿ ತಂತಿಯನ್ನು ಆ ಕಾಲುವೆಗೆ ಇಟ್ಟು ಟಿಕ್ ಟಿಕ್ ಅಂತ ತಟ್ಟಿ ಕೂರಿಸಿದರು. ಒಂದು ಎಲೆ ಮುಗಿಯೋ ಹೊತ್ತಿಗೆ ನನ್ನ ಟೀ ಆರಿಹೋಗಿತ್ತು. ಆಗಿನ್ನೂ ಡಬ್ಬಿ ಬೂದು ಬಣ್ಣ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಹೌದು, ಕಲಾಯಿ ಸಾಬಿಯ ಅದೇ ನವಸಾಗರ) ಬೆರೆಸಿ ಬಿಸಿ ಮಾಡಿ ತಿಕ್ಕಿದರೆ ಲೋಹವೆಲ್ಲ ಕಾಡಿಗೆ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತಂತೆ. ಹೇಳಿದ ಬೆಲೆ ಕೊಟ್ಟು ಬಂದೆ.

ಅದಕ್ಕೇ ಹೇಳೋದು, ಮಾಡೋದನ್ನು ತೋರಿಸಿ. ಮುಗಿದ ಬ್ಯಾಗಿನ ಫೋಟೋ ಮಾತ್ರ ಹಾಕಿದರೆ ಜನ ಅದನ್ನು ಅಂಗಡಿ ಬ್ಯಾಗಿಗೆ ಹೋಲಿಸುತ್ತಾರೆ. ನೂಲಿನ ಖರ್ಚು ಬರೆದಿಡಿ, ಗಂಟೆ ಲೆಕ್ಕ ಬರೆದಿಡಿ, ನಿಮ್ಮೂರಲ್ಲಿ ಟೈಲರ್ ಒಬ್ಬರ ದಿನಗೂಲಿಗಿಂತ ಕಡಿಮೆ ಬೀಳ್ತಿದ್ದರೆ ಬೆಲೆ ಏರಿಸಿ. ನೆಂಟರಿಗೆ ಒಂದು ಉಪಾಯ: ಫ್ರೀ ಕೇಳಿದವರಿಗೆ "ನೂಲು ನೀವೇ ತನ್ನಿ, ಕಲಿಸ್ತೀನಿ" ಅನ್ನಿ. ಮತ್ತೆ ಕೇಳಿದರೆ ನನಗೆ ಬರೆಯಿರಿ.

ನಿಮಗೆ ಚಿತ್ರ ಬರೆಯುವ ಗೆಳತಿಯರಿದ್ದರೆ ಅವರಿಗೂ ಒಂದು ಮಾತು ಹೇಳಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸುತ್ತಿದೆ. ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಬಂದ್, ಫುಟ್‌ಪಾತ್ ತುಂಬ ಚಿತ್ರ. ಮಾರಾಟ ಆಗದಿದ್ದರೂ ಪರವಾಗಿಲ್ಲ, ಬೆಲೆ ಹೇಳುವಾಗ ನಾಲಿಗೆ ತಡವರಿಸೋದು ಅಲ್ಲಿ ಒಂದೇ ದಿನಕ್ಕೆ ನಿಂತುಹೋಗುತ್ತೆ.

ಪತ್ರಿಕೆಯವರು ಪ್ರಶಸ್ತಿ ಬಂದ ಮೇಲೆ ಮಾತ್ರ ಕಲಾವಿದರ ಬಗ್ಗೆ ಬರೀತೀರಲ್ಲ? (ಕೊಪ್ಪಳ)

ಬೈದಿದ್ದು ಸರಿಯಾಗಿದೆ. ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿದ್ದು 2025ರಲ್ಲಿ, ಆಗ ಅವರಿಗೆ 96 ವರ್ಷ. ಅಷ್ಟು ಹೊತ್ತಿಗೆ ಅವರು ತೊಗಲುಗೊಂಬೆ ಕುಣಿಸಲು ಶುರುಮಾಡಿ ಎಷ್ಟೋ ದಶಕ ಕಳೆದಿತ್ತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಿದ್ರಿ ಕೆಲಸಕ್ಕೆ 2023ರಲ್ಲಿ ಬಂತು. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಮನೆಗಳು ನಿಮಗೆ ಹತ್ತಿರ. ಯಾರು ಏನು ಮಾಡುತ್ತಿದ್ದಾರೆ ಅಂತ ನೀವೇ ಬರೆದು ಕಳಿಸಿ, ಫೋಟೋ ಸಮೇತ. ಹಾಕದಿದ್ದರೆ ಆಮೇಲೆ ಇನ್ನೂ ಜೋರಾಗಿ ಬೈಯಿರಿ.

ಅಜ್ಜಿ ಹೊಲಿದ ಕೌದಿ ನನ್ನ ಜೊತೆ ಅಮೆರಿಕಕ್ಕೆ ಬಂದಿದೆ. ಎರಡು ಕಡೆ ಪಿಸಿದಿದೆ. ಇಲ್ಲಿಯ ಗೆಳತಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕು ಅಂತಾಳೆ. (ವಿಜಯಪುರದವರು)

ಗೋಡೆಗೆ ಬೇಡ. ಕೌದಿ ಹೊದೆಯೋದಕ್ಕೆ. ಅಜ್ಜಿಯ ಹಳೇ ಸೀರೆ, ಅಜ್ಜನ ಧೋತರ, ನಿಮ್ಮ ಲಂಗ ಎಲ್ಲ ಅದರೊಳಗೆ ಸೇರಿದ್ದೇ ಹಾಗೆ, ಒಂದು ಹರಿದ ಹಾಗೆ ಇನ್ನೊಂದನ್ನು ಅದರ ಮೇಲೆ ಹಚ್ಚಿ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬಂದು ಮುಗಿಸುತ್ತಾರೆ, ಮೂಲೆಗೆ ಬಟ್ಟೆ ಮಡಚಿ ಹೂವಿನಂಥದ್ದು ಇಡುತ್ತಾರೆ. ನಿಮ್ಮ ಅಜ್ಜಿಯ ಸಾಲು ಹೇಗೆ ಹೋಗಿದೆ ಅಂತ ಬೆರಳಾಡಿಸಿ ನೋಡಿ.

ಪಿಸಿದ ಕಡೆ ಹಳೇ ಬಟ್ಟೆ ಕತ್ತರಿಸಿ ತೆಗೆಯಬೇಡಿ. ಮೇಲೊಂದು ತುಂಡು ಇಡಿ, ಹೊಸದಲ್ಲ, ನೀವು ಉಟ್ಟು ತೊಟ್ಟು ಮೆತ್ತಗಾದ ಹತ್ತಿ ಬಟ್ಟೆ. ಅಂಚು ಒಳಗೆ ಮಡಚಿ, ಅಜ್ಜಿಯ ಸಾಲಿನ ಜೊತೆಗೇ ಸಾದಾ ಹೊಲಿಗೆ ಹಾಕುತ್ತಾ ಹೋಗಿ. ನಿಮ್ಮ ಹೊಲಿಗೆ ಸೊಟ್ಟ ಬರುತ್ತೆ, ಎಲ್ಲಿಂದ ನಿಮ್ಮದು ಶುರು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಆಗಲಿ ಬಿಡಿ. ಸೂಜಿ ಮಾತ್ರ ದಪ್ಪದ್ದು, ಕಣ್ಣು ದೊಡ್ಡದು ಇರೋದನ್ನೇ ತಗೊಳ್ಳಿ. ಅಷ್ಟು ಪದರ ದಾಟೋಕೆ ಸಣ್ಣ ಸೂಜಿ ಮುರಿಯುತ್ತೆ, ಮುರಿದ ತುದಿ ಕೌದಿಯೊಳಗೇ ಉಳಿದರೆ ಹುಡುಕೋದು ಕಷ್ಟ.