ಶುಗರ್ ‘ಬಾರ್ಡರ್‌’ನಲ್ಲಿದೆ, ಹೃದಯಕ್ಕೇನು ಭಯ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ, ದಾವಣಗೆರೆಯಲ್ಲಿ ಅಂಗಡಿ ಇದೆ. ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ 6.1 ಬಂದಿದೆ. ಒಟ್ಟು ಕೊಲೆಸ್ಟ್ರಾಲ್ 198, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36. ತೂಕ 78 ಕೆ.ಜಿ. ತಂದೆಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ‘ಬಾರ್ಡರ್ ಅಷ್ಟೇ, ಸಿಹಿ ಬಿಡಿ ಸಾಕು’ ಅಂತಾರೆ ಎಲ್ಲರೂ. ಸಿಹಿ ತಿನ್ನೋದೇ ಕಡಿಮೆ. ಸಂಜೆ ಮಂಡಕ್ಕಿ-ಮಿರ್ಚಿ, ಭಾನುವಾರ ಬೆಣ್ಣೆದೋಸೆ ಉಂಟು. ಏನು ಮಾಡಲಿ?

ಉತ್ತರ: ಸಿಹಿಯೊಂದನ್ನೇ ಬಿಟ್ಟರೆ ಸಾಲದು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 5.7ರಿಂದ 6.4 ಇದ್ದರೆ ಅದು ಮಧುಮೇಹದ ಹಿಂದಿನ ಹಂತ. ನಿಮ್ಮ ರಿಪೋರ್ಟಿನಲ್ಲಿ ಶುಗರಿಗಿಂತ ನನಗೆ ಕಳವಳ ತಂದದ್ದು ಹೆಚ್ಚಿರುವ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಕಡಿಮೆಯಿರುವ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್). ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡದಿದ್ದಾಗ ಲಿವರ್ ಹೆಚ್ಚು ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಕಣಗಳು ಸಣ್ಣವಾಗಿ ಸಂಖ್ಯೆಯಲ್ಲಿ ಹೆಚ್ಚುತ್ತವೆ, ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಶುಗರ್ ಮಧುಮೇಹದ ಗೆರೆಯಾದ 126 ಮುಟ್ಟಲಿ ಎಂದು ಇದು ಕಾಯುವುದಿಲ್ಲ. 198ರಲ್ಲಿ 36 ಕಳೆಯಿರಿ: 162. ಇದೇ ನಾನ್-ಎಚ್‌ಡಿಎಲ್, ಅಂದರೆ ಒಳ್ಳೆಯದನ್ನು ಬಿಟ್ಟು ಉಳಿದ ಕೊಲೆಸ್ಟ್ರಾಲ್. ಇದು 130ರೊಳಗೆ ಇರಬೇಕು. ಒಟ್ಟು 200 ದಾಟಿಲ್ಲವೆಂದು ನಿಶ್ಚಿಂತರಾಗುವವರು ಮೋಸಹೋಗುವುದು ಇಲ್ಲೇ.

ಸೊಂಟದ ಸುತ್ತಳತೆ ನೋಡಿಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು.

ಮಂಡಕ್ಕಿ ಹಗುರವೆಂದು ಧಾರಾಳವಾಗಿ ತಿನ್ನುತ್ತೇವೆ. ಭಟ್ಟಿಯಲ್ಲಿ ಉಬ್ಬಿದ ಅಕ್ಕಿ ಬಲುಬೇಗ ಜೀರ್ಣವಾಗಿ ಶುಗರನ್ನು ಥಟ್ಟನೆ ಏರಿಸುತ್ತದೆ. ಮಿರ್ಚಿಯ ಎಣ್ಣೆ ಅದರ ಮೇಲೆ. ಮಂಡಕ್ಕಿಯನ್ನು ಒಂದು ಹಿಡಿಗೆ ಇಳಿಸಿ, ಮೊಳಕೆ ಹೆಸರುಕಾಳು ಎರಡು ಹಿಡಿ, ಹುರಿದ ಶೇಂಗಾ ಅರ್ಧ ಹಿಡಿ, ಈರುಳ್ಳಿ, ಸೌತೆ, ನಿಂಬೆರಸ ಬೆರೆಸಿ. ಬೆಣ್ಣೆದೋಸೆಯ ಹಿಟ್ಟಿಗೂ ಮಂಡಕ್ಕಿ ಬೀಳುತ್ತದೆ, ಪಕ್ಕದಲ್ಲಿ ಆಲೂ ಪಲ್ಯ, ಮೇಲೆ ಎಲ್‌ಡಿಎಲ್ ಏರಿಸುವ ಬೆಣ್ಣೆ. ತಿಂಗಳಿಗೊಂದು ಸಲ, ಒಂದೇ ದೋಸೆ ಎಂದು ಗೊತ್ತು ಮಾಡಿಕೊಳ್ಳಿ. ರಾಗಿ ಎಂದು ಎರಡು ಮುದ್ದೆ ನುಂಗುವುದೂ ಬೇಡ, ಅದರಲ್ಲೂ ಪಿಷ್ಟವಿದೆ. ಮೊದಲು ಪಲ್ಯ, ಕಾಳು. ಆಮೇಲೆ ಒಂದು ಸಣ್ಣ ಮುದ್ದೆ ಅಥವಾ ಒಂದು ಜೋಳದ ರೊಟ್ಟಿ.

ಊಟವಾದ ಕೂಡಲೇ 15 ನಿಮಿಷ ನಡೆಯಿರಿ: ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಗೆ ಕುಂದವಾಡ ಕೆರೆ ಏರಿ ಇದೆಯಲ್ಲ! ಆರು ತಿಂಗಳಲ್ಲಿ 4ರಿಂದ 5 ಕೆ.ಜಿ. ಇಳಿದರೆ ಅಂಕಿಗಳು ಖಂಡಿತ ಬದಲಾಗುತ್ತವೆ. ತಂದೆಯ ಇತಿಹಾಸ ಇರುವುದರಿಂದ ಬಿಪಿ, ಇಸಿಜಿ ಈಗಲೇ ಮಾಡಿಸಿ. ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ), ಮೆಟ್‌ಫಾರ್ಮಿನ್ (ಶುಗರ್ ಇಳಿಸುವ ಮಾತ್ರೆ) ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಬೀಡಿ-ಸಿಗರೇಟಿದ್ದರೆ ಇವತ್ತೇ ಬಿಡಿ. ಎದೆ ಬಿಗಿದು ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಚಿತ್ರದುರ್ಗದವಳು, 38 ವರ್ಷ. ಎಚ್‌ಬಿಎ1ಸಿ 6.0, ಖಾಲಿ ಹೊಟ್ಟೆಯ ಶುಗರ್ 92. ಹಿಮೋಗ್ಲೋಬಿನ್ 9. ಯಾವುದನ್ನು ನಂಬಲಿ?

ಉತ್ತರ: ಹಿಮೋಗ್ಲೋಬಿನ್ 9 ಎಂದರೆ ರಕ್ತಹೀನತೆ. ಅದು ಕಬ್ಬಿಣದ ಕೊರತೆಯಿಂದ ಬಂದಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದಮ್ಮ. 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ನಂತರದ ಪರೀಕ್ಷೆ ಮಾಡಿಸಿ. 140ಕ್ಕಿಂತ ಕಡಿಮೆ ಬಂದರೆ ಸದ್ಯ ಗಾಬರಿ ಬೇಡ. ರಕ್ತ ಕಡಿಮೆಯಾದದ್ದಕ್ಕೆ ಕಾರಣ ಹುಡುಕಿಸಿ, ಚಿಕಿತ್ಸೆ ಪಡೆಯಿರಿ. ಹಿಮೋಗ್ಲೋಬಿನ್ ಸರಿಹೋಗಿ 3 ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ನೋಡೋಣ.