ಕಥೆ ಬರೆಸಲು ಎಷ್ಟು ಆ್ಯಪ್ ಬೇಕು?

ಪ್ರೌಢಶಾಲೆಯಲ್ಲಿ ಕಥನ ಬರವಣಿಗೆ ಕಲಿಸಲು ಅಂತರ್ಜಾಲದ ಉಚಿತ ಸಾಧನಗಳನ್ನು ಬಳಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಮತ್ತು ಅವುಗಳಿಗೆ ಉತ್ತರ.

ಪ್ರಶ್ನೆ: ನಾನು ಒಂಬತ್ತನೇ ತರಗತಿಗೆ ಭಾಷೆ ಕಲಿಸುವ ಶಿಕ್ಷಕಿ. ಸ್ವಂತ ಅನುಭವವೊಂದನ್ನು ಕಥೆಯಾಗಿ ಬರೆಯಿರಿ ಎಂದರೆ ಮಕ್ಕಳು ವರದಿ ಒಪ್ಪಿಸುತ್ತಾರೆ: ಎದ್ದೆವು, ಹೊರಟೆವು, ನೋಡಿದೆವು, ತುಂಬಾ ಖುಷಿಯಾಯಿತು. ಕಥಾನಕ್ಷೆ, ಕಾಮಿಕ್ಸ್, ಚಿತ್ರಫಲಕ ಎಂದು ಹಲವು ಉಚಿತ ಆ್ಯಪ್‌ಗಳನ್ನು ಬಳಸಿ ನೋಡಿದೆ. ಬಣ್ಣ, ಬೊಂಬೆ ಆರಿಸುವಾಗ ಎಲ್ಲಿಲ್ಲದ ಉತ್ಸಾಹ, ಬರವಣಿಗೆ ಮಾತ್ರ ಇದ್ದಲ್ಲೇ ಇದೆ. ಲ್ಯಾಬಿನಲ್ಲಿ ಎಲ್ಲರಿಗೂ ಕಂಪ್ಯೂಟರ್ ಸಿಗುವುದಿಲ್ಲ. ಎಲ್ಲಿಂದ ಶುರುಮಾಡಲಿ?

ಉತ್ತರ: ಮೇಡಂ, ಮೊದಲು ಆ ಆ್ಯಪ್‌ಗಳನ್ನೆಲ್ಲ ಪಕ್ಕಕ್ಕಿಡಿ. ಕಥೆ ಮುಗಿದ ಮೇಲೆ ಅದನ್ನು ಅಂದಗೊಳಿಸುವ ಸಾಧನಗಳು ಬೇಕಾದಷ್ಟಿವೆ. ಬರೆದದ್ದನ್ನು ತಿದ್ದಿ ಬರೆಯಲು ಕಾರಣ ಕೊಡುವಂಥವು ಕಡಿಮೆ. ನಿಮಗೆ ಬೇಕಾದದ್ದು ಎರಡನೆಯ ಬಗೆಯದು. ನನ್ನನ್ನು ಕೇಳಿದರೆ ಅಂತರ್ಜಾಲದಲ್ಲೇ ಬರೆದು, ತಿದ್ದಿ, ಹಂಚಿಕೊಳ್ಳಬಹುದಾದ ಗೂಗಲ್ ಡಾಕ್ಸ್ ಒಂದೇ ಸಾಕು.

ಕಥಾನಕ್ಷೆಯ ಬಗ್ಗೆ ಒಂದು ಮಾತು. ಅಂಥ ಆ್ಯಪ್‌ಗಳಲ್ಲಿ ಪದೇಪದೇ ಎದುರಾಗುವ, ಕಥೆ ಏರಿ, ತುದಿ ಮುಟ್ಟಿ, ಇಳಿಯುವುದನ್ನು ಐದು ಹಂತಗಳಲ್ಲಿ ತೋರಿಸುವ ಆ ಗುಡ್ಡದಾಕಾರದ ಚಿತ್ರ 1863ರಲ್ಲಿ ಗುಸ್ತಾವ್ ಫ್ರೈಟಾಗ್ ಎಂಬ ಜರ್ಮನ್ ಲೇಖಕ ನಾಟಕದ ರಚನೆಯನ್ನು ವಿವರಿಸಲು ಕೊಟ್ಟ ಮಾದರಿಯಿಂದ ಬಂದದ್ದು. ಐದು ಅಂಕಗಳ ದುರಂತ ನಾಟಕಕ್ಕೆ ಅದು ಹೊಂದುತ್ತದೆ. ಒಂದು ಪುಟದ ಅನುಭವ ಕಥನ ಬರೆಯುವ ಹದಿನಾಲ್ಕರ ಹುಡುಗನಿಗೆ ಅದನ್ನು ಕೊಟ್ಟರೆ ಐದು ಖಾನೆ ತುಂಬಿಸಿ ಕೈತೊಳೆದುಕೊಳ್ಳುತ್ತಾನೆ.

ಹಾಗಾಗಿ ಇಡೀ ಕಥೆ ಕೇಳಬೇಡಿ, ಒಂದೇ ಸನ್ನಿವೇಶ ಕೇಳಿ. ಮೊದಲ ಕರಡು ಕಾಗದದ ಮೇಲೆಯೇ ಆಗಲಿ. ಅದರಲ್ಲಿ ಅತ್ಯಂತ ಅವಸರದಲ್ಲಿ ದಾಟಿಹೋದ ವಾಕ್ಯ ಯಾವುದು ಎಂದು ಅವರೇ ಹುಡುಕಿ ಅಡಿಗೆರೆ ಹಾಕಲಿ. ಡಾಕ್ಸ್‌ನಲ್ಲಿ ಟೈಪ್ ಮಾಡಬೇಕಾದದ್ದು ಆ ವಾಕ್ಯ ಮತ್ತು ಅದರ ಆಚೀಚೆ ಇರುವ ನಾಲ್ಕು ಸಾಲು ಮಾತ್ರ. ಇಷ್ಟಾದರೆ ಕಂಪ್ಯೂಟರ್ ಕೊರತೆಯೂ ಅಷ್ಟಾಗಿ ಕಾಡುವುದಿಲ್ಲ.

ಒಬ್ಬ ಹುಡುಗಿ ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ: ‘ಬಸ್ಸು ತಪ್ಪಿಹೋಯಿತು. ನನಗೆ ತುಂಬಾ ಬೇಸರವಾಯಿತು.’ ನೀವು ಅದನ್ನು ತಿದ್ದಲು ಹೋಗಬೇಡಿ. ಬದಿಯಲ್ಲಿ ಕಾಮೆಂಟ್ ಹಾಕಿ, ಅದೂ ಪ್ರಶ್ನೆಯಾಗಿ: ‘ಬಸ್ಸು ಹೋಯಿತೆಂದು ನಿನಗೆ ಹೇಗೆ ಗೊತ್ತಾಯಿತು? ಕಣ್ಣಿಗೆ ಏನು ಕಂಡಿತು? ಕೈಯಲ್ಲಿ ಏನಿತ್ತು?’ ಮರುದಿನ ಅವಳು ಬಹುಶಃ ಹೀಗೆ ಬರೆದಾಳು: ‘ತಿರುವಿನಲ್ಲಿ ಬಸ್ಸಿನ ಹಿಂದಿನ ದೀಪ ಮಾತ್ರ ಕಂಡಿತು. ಎಣಿಸಿ ಇಟ್ಟುಕೊಂಡಿದ್ದ ಚಿಲ್ಲರೆ ಕೈಯಲ್ಲೇ ಬೆವತಿತ್ತು.’ ಬೇಸರ ಎಂಬ ಪದ ತಾನಾಗಿಯೇ ಬಿದ್ದುಹೋಯಿತು. ‘ಇನ್ನೂ ವಿವರವಾಗಿ ಬರೆ’ ಎಂದು ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದರೂ ಆಗದ ಕೆಲಸ ಇದು. ವಿವರ ಎಂದರೆ ಮಕ್ಕಳು ವಿಶೇಷಣಗಳನ್ನು ಪೇರಿಸುತ್ತಾರೆ. ಏನು ಕಂಡಿತು ಎಂದು ಕೇಳಿದರೆ ನೆನಪು ಮಾಡಿಕೊಳ್ಳುತ್ತಾರೆ.

ಆಮೇಲೆ ‘ವರ್ಷನ್ ಹಿಸ್ಟರಿ’ ತೆರೆಯಿರಿ. ಡಾಕ್ಸ್ ಹಳೆಯ ರೂಪಗಳನ್ನು ಉಳಿಸಿಟ್ಟಿರುತ್ತದೆ. ಯಾವ ಸಾಲು ಹೋಯಿತು, ಯಾವುದು ಬಂತು ಎಂಬುದು ಬಣ್ಣದಲ್ಲಿ ಕಾಣುತ್ತದೆ. ‘ಮೊದಲ ಕರಡು’, ‘ಪ್ರಶ್ನೆಗಳ ನಂತರ’ ಎಂದು ಆಯಾ ಹಂತಕ್ಕೆ ಹೆಸರು ಕೊಡುವ ಅಭ್ಯಾಸ ಮಾಡಿಸಿ. ಹೆಸರಿಲ್ಲದ ಹಳೆಯ ರೂಪಗಳು ಕಾಲಕ್ರಮದಲ್ಲಿ ಒಂದರೊಳಗೊಂದು ಸೇರಿಹೋಗಬಹುದು. ಮಗುವಿನ ಒಪ್ಪಿಗೆ ಪಡೆದು ಒಂದು ಕಥೆಯ ಎರಡು ರೂಪಗಳನ್ನು ತರಗತಿಯ ಮುಂದೆ ತೋರಿಸಿ. ಬರೆಯುವುದೆಂದರೆ ಮತ್ತೆ ಬರೆಯುವುದು ಎಂದು ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಸಹಪಾಠಿಗಳಿಂದ ಓದಿಸುವಾಗ ಮಾತ್ರ ಒಂದು ಎಚ್ಚರ. ಕಡತ ಹಂಚುವಾಗ ‘ಎಡಿಟರ್’ ಬದಲು ‘ಕಾಮೆಂಟರ್’ ಅನುಮತಿ ಕೊಡಿಸಿ. ಆಗ ಗೆಳೆಯ ಸಲಹೆ ಕೊಡಬಹುದು, ಕಥೆಯನ್ನು ನೇರವಾಗಿ ಬದಲಿಸಲಾಗದು. ತರಗತಿಯ ಜಾಣ ವಿದ್ಯಾರ್ಥಿ ಎಲ್ಲರ ಕಥೆಯನ್ನೂ ತನ್ನ ಶೈಲಿಗೆ ತಂದುಬಿಡುವುದು ಇದರಿಂದ ತಪ್ಪುತ್ತದೆ. ವರ್ಷನ್ ಹಿಸ್ಟರಿ ನೋಡಲು ನಿಮಗೆ ಎಡಿಟರ್ ಅನುಮತಿಯೇ ಬೇಕು ಎಂಬುದನ್ನು ಮರೆಯಬೇಡಿ.

ಹದಿಹರೆಯದವರ ಬರವಣಿಗೆ ಕುರಿತ ಸಂಶೋಧನೆಗಳನ್ನು ಒಟ್ಟುಗೂಡಿಸಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಅಮೆರಿಕದಲ್ಲಿ ಒಂದು ವರದಿ ಕೊಟ್ಟರು. ಕಂಪ್ಯೂಟರಿನಲ್ಲಿ ಬರೆಯುವುದರಿಂದ ಪ್ರಯೋಜನವಿದೆ ಎಂದು ಅದು ಹೇಳುತ್ತದೆ. ಆದರೆ ಮಕ್ಕಳು ಒಟ್ಟಾಗಿ ಯೋಜಿಸಿ, ಬರೆದು, ತಿದ್ದುವುದರಿಂದ ಸಿಗುವ ಪ್ರಯೋಜನ ಅದಕ್ಕಿಂತ ದೊಡ್ಡದೆಂದು ಕಂಡುಬಂದಿತ್ತು. ಒಂದು ಕಂಪ್ಯೂಟರಿನ ಮುಂದೆ ಮೂವರು ಕುಳಿತು ಒಂದು ವಾಕ್ಯಕ್ಕಾಗಿ ಜಗಳವಾಡುತ್ತಿದ್ದರೆ ಸೌಲಭ್ಯ ಸಾಲದೆಂದು ಕೊರಗಬೇಡಿ.

ಪ್ರಶ್ನೆ: ‘ಟ್ವೈನ್’ ಎಂಬ ಸಾಧನ ಬಳಸಿ ಮಕ್ಕಳಿಂದ ಕವಲು ಕಥೆ, ಅಂದರೆ ಓದುಗ ಆರಿಸಿದ ದಾರಿಯಲ್ಲಿ ಸಾಗುವ ಕಥೆ, ಬರೆಸಬಹುದು ಎಂದು ಕೇಳಿದ್ದೇನೆ. ಅದು ಆಟವಾಗಿಬಿಡುವುದಿಲ್ಲವೇ? ಪ್ರೋಗ್ರಾಮಿಂಗ್ ಗೊತ್ತಿರಬೇಕೇ?

ಉತ್ತರ: ಪ್ರೋಗ್ರಾಮಿಂಗ್ ಬೇಕಿಲ್ಲ. ಕ್ರಿಸ್ ಕ್ಲೈಮಸ್ ರೂಪಿಸಿದ ಟ್ವೈನ್ ಉಚಿತ, ಮುಕ್ತ ತಂತ್ರಾಂಶ. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಖಾತೆಯೂ ಬೇಡ. ಒಂದು ಪದವನ್ನು ಎರಡು ಜೋಡಿ ಚೌಕಾವರಣದೊಳಗೆ ಹಾಕಿದರೆ ಅದು ಹೊಸ ಭಾಗಕ್ಕೆ ಕೊಂಡಿಯಾಗುತ್ತದೆ. ಮಕ್ಕಳಿಗೆ ಇಷ್ಟು ತೋರಿಸಿದರೆ ಉಳಿದದ್ದನ್ನು ಅವರೇ ಕಂಡುಕೊಳ್ಳುತ್ತಾರೆ.

ಆಟವಾಗುವ ಭಯ ಸುಳ್ಳಲ್ಲ. ಹೇಳದೆ ಬಿಟ್ಟರೆ ನಲವತ್ತು ಕವಲು ಹುಟ್ಟುತ್ತವೆ, ಪ್ರತಿಯೊಂದರಲ್ಲೂ ಒಂದೊಂದು ಸಾಲು, ಕೊನೆಗೆ ಎಲ್ಲರೂ ಸಾಯುತ್ತಾರೆ. ಅದಕ್ಕೇ ಮಿತಿ ಹಾಕಿ: ಪಾತ್ರ ಒಂದು, ನಿರ್ಧಾರದ ಗಳಿಗೆ ಒಂದು, ದಾರಿ ಎರಡು. ಎರಡೂ ದಾರಿ ಆ ಪಾತ್ರದ ಸ್ವಭಾವಕ್ಕೆ ಹೊಂದಬೇಕು. ಕಳೆದುಹೋದ ಪರ್ಸ್ ಸಿಕ್ಕ ಹುಡುಗ ಅದನ್ನು ಮರಳಿಸಬಹುದು, ಇಟ್ಟುಕೊಳ್ಳಲೂಬಹುದು. ಎರಡೂ ನಂಬುವಂತಿರಬೇಕಾದರೆ ಅವನಿಗೆ ಹಣದ ಅಗತ್ಯ ಏನಿತ್ತು, ಯಾರ ಹೆದರಿಕೆ ಇತ್ತು ಎಂದು ಮೊದಲ ಭಾಗದಲ್ಲೇ ತಿಳಿದಿರಬೇಕು. ಘಟನೆಗೂ ಕಾರಣಕ್ಕೂ ಇರುವ ನಂಟನ್ನು ಹೇಳಿಕೊಡಲು ಇದಕ್ಕಿಂತ ಚೆನ್ನಾದ ಉಪಾಯ ನನಗೆ ಕಂಡಿಲ್ಲ.

ಕೊನೆಯಲ್ಲಿ ಒಂದು ಕವಲನ್ನು ಅಳಿಸಲು ಹೇಳಿ. ಉಳಿದದ್ದನ್ನು ಕೊಂಡಿಗಳಿಲ್ಲದ ಮಾಮೂಲಿ ಗದ್ಯವಾಗಿ ಬರೆಯಲಿ, ಏಕೆ ಈ ದಾರಿ ಆರಿಸಿಕೊಂಡೆ ಎಂದು ಎರಡು ಮಾತು ಸೇರಿಸಲಿ. ಅಂಕ ಕೊಡಬೇಕಾದದ್ದು ಆ ಗದ್ಯಕ್ಕೆ.

ಬ್ರೌಸರಿನಲ್ಲಿ ಬರೆದ ಟ್ವೈನ್ ಕಥೆ ಆ ಕಂಪ್ಯೂಟರಿನ ಆ ಬ್ರೌಸರಿನೊಳಗೇ ಉಳಿಯುತ್ತದೆ. ಯಾರಾದರೂ ಬ್ರೌಸಿಂಗ್ ಡೇಟಾ ಅಳಿಸಿದರೆ ಕಥೆಯೂ ಮಾಯ. ಪ್ರತಿ ಪಿರಿಯಡ್ ಮುಗಿಯುವ ಮೊದಲು ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಕೊಳ್ಳಲಿ.

ಪ್ರಶ್ನೆ: ನನ್ನ ಮಗ ಬಾಯಲ್ಲಿ ಸೊಗಸಾಗಿ ಕಥೆ ಹೇಳುತ್ತಾನೆ, ಬರೆಯಲು ಕೂತರೆ ಮೂರೇ ಸಾಲು. ಏನು ಮಾಡಲಿ?

ಉತ್ತರ: ಅವನು ಹೇಳುವುದನ್ನೇ ಅಕ್ಷರಕ್ಕೆ ಇಳಿಸಿ. ಕ್ರೋಮ್‌ನಲ್ಲಿ ಡಾಕ್ಸ್ ತೆರೆದರೆ ‘ವಾಯ್ಸ್ ಟೈಪಿಂಗ್’ ಇದೆ, ಕನ್ನಡವೂ ನಡೆಯುತ್ತದೆ. ಒಂದಷ್ಟು ಪದ ತಪ್ಪಾಗಿ ಬೀಳುತ್ತವೆ, ವಿರಾಮ ಚಿಹ್ನೆ ನೆಚ್ಚುವಂತಿರುವುದಿಲ್ಲ. ಅದೇ ಅವನ ಮುಂದಿನ ಪಾಠ: ಉಸಿರು ನಿಂತದ್ದೆಲ್ಲಿ, ಮಾತು ಯಾರದು, ವಾಕ್ಯ ಎಲ್ಲಿ ಮುಗಿಯಿತು ಎಂದು ಅವನೇ ಗುರುತಿಸಲಿ. ‘ಆಮೇಲೆ’, ‘ಮತ್ತೆ’ ಎಂಬುವು ಎಷ್ಟಿವೆಯೆಂದು ನೋಡಿ ಅರ್ಧ ಕಿತ್ತುಹಾಕಲಿ. ಸಂಭಾಷಣೆಗೆ ಮಾತ್ರ ಕೈಹಚ್ಚಬೇಡಿ. ಆಡುಮಾತಿನ ಕಸುವು ಇರುವುದು ಅಲ್ಲಿಯೇ.

ಪ್ರಶ್ನೆ: ವಿದ್ಯಾರ್ಥಿಯೊಬ್ಬ ಚಾಟ್‌ಬಾಟ್‌ನಿಂದ ಕಥೆ ಬರೆಸಿ ತಂದಿದ್ದಾನೆಂಬ ಅನುಮಾನ. ಪತ್ತೆ ಮಾಡುವ ಉಚಿತ ಸಾಧನ ಯಾವುದು?

ಉತ್ತರ: ಅವುಗಳನ್ನು ನಂಬಿ ಯಾವ ಮಗುವನ್ನೂ ಕಟಕಟೆಗೆ ಹತ್ತಿಸಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ಇಂಥದೊಂದು ಪತ್ತೆ ಸಾಧನವನ್ನು 2023ರ ಜನವರಿಯಲ್ಲಿ ತಂದು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ವರ್ಷನ್ ಹಿಸ್ಟರಿಯಲ್ಲಿ ಇಡೀ ಕಥೆ ಒಂದೇ ಸಲಕ್ಕೆ ಬಂದು ಬಿದ್ದಿದ್ದರೆ ವಿಚಾರಿಸಬಹುದು, ಆದರೆ ಅವನು ಮೊಬೈಲಿನ ನೋಟ್ಸ್‌ನಲ್ಲಿ ಬರೆದು ಅಂಟಿಸಿರಲೂಬಹುದು. ಅವನ ಜೊತೆ ಕುಳಿತು ಮಾತಾಡಿ. ಈ ಪಾತ್ರ ಇಲ್ಲೇಕೆ ಸುಮ್ಮನಾಯಿತು, ಬರೆದು ಬಿಟ್ಟುಬಿಟ್ಟ ಸಂಗತಿ ಏನಾದರೂ ಇದೆಯೇ ಎಂದು ಕೇಳಿ. ಬರೆದವನಿಗೆ ಬಿಟ್ಟದ್ದೂ ನೆನಪಿರುತ್ತದೆ. ಉತ್ತರ ತೋಚದೆ ನಿಂತರೆ ಶಿಕ್ಷೆ ಬೇಡ. ಅದೇ ಸನ್ನಿವೇಶವನ್ನು ಇನ್ನೊಂದು ಪಾತ್ರದ ಬಾಯಲ್ಲಿ, ತರಗತಿಯಲ್ಲೇ, ಕಾಗದದ ಮೇಲೆ ಬರೆಯಲು ಕೊಡಿ.

ಪ್ರಶ್ನೆ: ಚಿತ್ರ ತೋರಿಸಿ ಕಥೆ ಬರೆಸಲು ಫೋಟೊ ಎಲ್ಲಿ ಸಿಗುತ್ತವೆ? ಮಕ್ಕಳ ಕಥೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬಹುದೇ?

ಉತ್ತರ: ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ. 2004ರಿಂದ ಇರುವ ಈ ಭಂಡಾರದ ಚಿತ್ರಗಳನ್ನು ಮುಕ್ತವಾಗಿ ಬಳಸಬಹುದು. ಹಲವಕ್ಕೆ ಛಾಯಾಗ್ರಾಹಕರ ಹೆಸರು, ಪರವಾನಗಿ ನಮೂದಿಸಬೇಕಾಗುತ್ತದೆ. ಆ ಸಾಲನ್ನು ಮಕ್ಕಳಿಂದಲೇ ಬರೆಸಿ. ಸುಂದರ ದೃಶ್ಯಗಳಿಗಿಂತ ಏನೋ ನಡೆದುಹೋದ ಸುಳಿವಿರುವ ಚಿತ್ರ ಒಳ್ಳೆಯದು: ತೆರೆದ ಬಾಗಿಲು, ಒಂಟಿ ಚಪ್ಪಲಿ.

ಪ್ರಕಟಣೆ ತರಗತಿಯೊಳಗಿನ ಕೊಂಡಿಗಷ್ಟೇ ಸೀಮಿತವಾಗಿರಲಿ. ಅನುಭವ ಕಥನದಲ್ಲಿ ಮನೆಯವರ ಹೆಸರು, ಮನೆಯೊಳಗಿನ ಜಗಳ ಬಂದೇ ಬರುತ್ತದೆ. ಹೊರಗೆ ಹಾಕಲೇಬೇಕೆಂದರೆ ಪೋಷಕರ ಒಪ್ಪಿಗೆ ಪಡೆದು, ಹೆಸರುಗಳನ್ನು ಬದಲಿಸಿ ಹಾಕಿ. ಖಾತೆ ತೆರೆಯಲು ಇರುವ ವಯಸ್ಸಿನ ಮಿತಿ ಸೇವೆಯಿಂದ ಸೇವೆಗೆ, ದೇಶದಿಂದ ದೇಶಕ್ಕೆ ಬೇರೆ ಬೇರೆ, ಅದನ್ನು ವರ್ಷದ ಆರಂಭದಲ್ಲೇ ನೋಡಿಟ್ಟುಕೊಳ್ಳಿ.