ಬೆಲೆ ತೆತ್ತ ದೇವರುಗಳು

ಸಂಪಾದಕರಿಗೆ,
ನಾವು ಐದು ಜನ ಗೆಳೆಯರು ಭಾನುವಾರಗಳಲ್ಲಿ ಸೂಪರ್‌ಹೀರೋ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವ ಗೇಮ್ ಮಾಸ್ಟರ್ ನಾನೇ. ಈ ಸಲ ಉತ್ತರ ಯುರೋಪಿನ ಹಳೆಯ ನಾರ್ಸ್ ದೇವತೆಗಳು, ಅವರ ಒಂಬತ್ತು ಲೋಕಗಳನ್ನು ಇಟ್ಟುಕೊಂಡು ಕಥೆ ಕಟ್ಟುತ್ತಿದ್ದೇನೆ. ಅವರ ಹಳೆಯ ಕಥೆ, ಪದ್ಯಗಳಿರುವ ಎಡ್ಡಾ ಓದದೆ ಈ ಕೆಲಸಕ್ಕೆ ಕೈ ಹಾಕಬೇಡ ಎಂದು ಒಬ್ಬ ಗೆಳೆಯನ ಹಟ. ನನಗಂತೂ ಆ ದೇವತೆಗಳ ಲೋಕ ಆಸ್ಗಾರ್ಡ್ ಕಾಮಿಕ್ಸಿನಲ್ಲಿ ಇರುವಷ್ಟೇ ಸಾಕು. ಆಟಕ್ಕೆ ಬೇಕಾದದ್ದು ಶಕ್ತಿ, ಶತ್ರು, ನಕಾಶೆ. ಹಳೆಯ ಪದ್ಯಗಳು ಪಂಡಿತರಿಗಿರಲಿ. ಐದು ದೇವರುಗಳ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ಶಕ್ತಿ, ಗುಣಗಳನ್ನು ಬರೆದ ಹಾಳೆ, ಜೊತೆಗಿದೆ. ಕೊನೆಗೆ ಒಂದು ಪ್ರಶ್ನೆ: ದೇವತೆಗಳ ಅಂತ್ಯ ತರುವ ಕೊನೆಯ ಯುದ್ಧ ರಾಗ್ನರಾಕ್ ಅನ್ನು ಆಟಗಾರರು ತಡೆಯುವ ಹಾಗೆ ಇಡಬಹುದೇ?
– ಓದುಗ, ಮೈಸೂರು

ಪ್ರಿಯ ಓದುಗರೇ,

ಶೀಟುಗಳನ್ನು ನೀವು ಶ್ರದ್ಧೆಯಿಂದ ಬರೆದಿದ್ದೀರಿ. ಮೇಜಿನ ಸುತ್ತ ಕೂತು ಕಥೆ ಕಟ್ಟುವವರು ನಮ್ಮ ಓದುಗರಲ್ಲಿ ಇದ್ದಾರೆ ಎನ್ನುವುದೇ ನನಗೆ ಹಬ್ಬ. ಆದರೆ ನಿಮ್ಮ ಗೆಳೆಯ ಹೇಳುವುದು ಸರಿ.

ಮೊದಲು ಕಾಮಿಕ್ಸಿಗೆ ಸಲ್ಲಬೇಕಾದದ್ದು ಸಲ್ಲಲಿ. 1962ರ ಆಗಸ್ಟ್ ಸಂಚಿಕೆಯಲ್ಲಿ ಸ್ಟಾನ್ ಲೀ, ಲ್ಯಾರಿ ಲೀಬರ್, ಜ್ಯಾಕ್ ಕರ್ಬಿ ಸೇರಿ ಗುಡುಗಿನ ದೇವರು ಥಾರ್‌ನನ್ನು ಸೂಪರ್‌ಹೀರೋ ಮಾಡಿದರು. ಕರ್ಬಿ ಬರೆದ ಆಸ್ಗಾರ್ಡ್‌ನ ಗೋಪುರಗಳನ್ನು ಒಮ್ಮೆ ನೋಡಿದ ಹುಡುಗ ಮರೆಯುವುದಿಲ್ಲ. 1983ರಿಂದ ಆ ಕಥೆಯನ್ನು ಕೈಗೆತ್ತಿಕೊಂಡ ವಾಲ್ಟರ್ ಸೈಮನ್‌ಸನ್ ಅಂತೂ ಹಳೆಯ ಪದ್ಯಗಳನ್ನು ಬಲ್ಲವರು. ಸತ್ತವರು ಸೇರುವ ಹೆಲ್ ಲೋಕದ ಸೇತುವೆಯ ಮೇಲೆ ಸ್ಕರ್ಜ್ ಎಂಬ ಖಳ ಒಬ್ಬನೇ ನಿಂತು, ಉಳಿದವರು ಪಾರಾಗಲಿ ಎಂದು ಪ್ರಾಣ ಕೊಡುವ 1985ರ ಸಂಚಿಕೆಯನ್ನು ನಾನು ಇವತ್ತಿಗೂ ತೆಗೆದು ಓದುತ್ತೇನೆ. ಕಾಮಿಕ್ಸಿನಲ್ಲಿ ಇಂಥದ್ದೂ ಉಂಟು. ಆದರೆ ನಿಮ್ಮ ಶೀಟುಗಳಲ್ಲಿ ಸ್ಕರ್ಜ್ ಇಲ್ಲವಲ್ಲ! ಇರುವುದು ಥಾರ್‌ನ ಬಲ, ಅವನ ಸುತ್ತಿಗೆಯ ಹೊಡೆತ, ದೇವತೆಗಳ ಒಡೆಯ ಓಡಿನ್‌ನ ಮಾಯಾಶಕ್ತಿ. ಅಂಕಿಗಳು, ಅಂಕಿಗಳು, ಅಂಕಿಗಳು.

ದೇವರಿಗೆ ಅಂಕಿ ಹಚ್ಚಿದ್ದಕ್ಕೆ ನನ್ನ ತಕರಾರಿಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟ ಬಂದ ಎರಡೇ ವರ್ಷಕ್ಕೆ ದೇವತೆಗಳ ಶಕ್ತಿಯನ್ನು ಅಂಕಿಗಿಳಿಸಿದ ಪುಸ್ತಕ ಬಂತು. 1980ರ ಪುಸ್ತಕದಲ್ಲಿ ಓಡಿನ್, ಥಾರ್ ಜೊತೆಗೆ ನಮ್ಮ ಇಂದ್ರ, ಅಗ್ನಿಯರೂ ಎಷ್ಟು ಏಟು ತಾಳಬಲ್ಲರೆಂದು ಹೇಳುವ ಹಿಟ್ ಪಾಯಿಂಟ್ ಹೊತ್ತು ನಿಂತಿದ್ದರು. 1984ರಲ್ಲಿ ಜೆಫ್ ಗ್ರಬ್ ರೂಪಿಸಿದ ಮಾರ್ವೆಲ್ ಸೂಪರ್ ಹೀರೋಸ್ ಆಟದಲ್ಲಿ ಥಾರ್‌ನ ಬಲಕ್ಕೆ ಸಿಕ್ಕ ದರ್ಜೆ ‘ಅನ್‌ಅರ್ಥ್ಲಿ’, ಅಂದರೆ 100. ಆಡಬೇಕೆಂದರೆ ಅಳತೆ ಬೇಕೇ ಬೇಕು. ನನ್ನ ಪ್ರಶ್ನೆ ಒಂದೇ: ಗಳಿಸಿದ್ದನ್ನು ಮಾತ್ರ ಬರೆದು, ಅದಕ್ಕೆ ತೆತ್ತದ್ದನ್ನು ಯಾಕೆ ಬಿಟ್ಟಿರಿ?

ಒಬ್ಬೊಬ್ಬರದೇ ಶೀಟು ತೆಗೆದುಕೊಳ್ಳೋಣ.

ಓಡಿನ್‌ನ ಜ್ಞಾನಕ್ಕೆ ನೀವು ಅತ್ಯುನ್ನತ ದರ್ಜೆ ಕೊಟ್ಟಿದ್ದೀರಿ, ಸರಿ. ಆ ಜ್ಞಾನ ಅವನಿಗೆ ಎಲ್ಲಿಂದ ಬಂತು? ಮೀಮಿರ್‌ನ ಬಾವಿಯ ಒಂದು ಗುಟುಕಿಗೆ ಒಂದು ಕಣ್ಣನ್ನೇ ಒತ್ತೆಯಿಟ್ಟ. ರೂನ್ ಎಂಬ ಮಂತ್ರಾಕ್ಷರಗಳನ್ನು ಪಡೆಯಲು ಗಾಳಿಗೆ ಒಡ್ಡಿದ ಮರದಲ್ಲಿ, ಈಟಿಯ ಇರಿತ ತಿಂದು, ಒಂಬತ್ತು ರಾತ್ರಿ ನೇತಾಡಿದ. ಯಾರೂ ಅನ್ನ ಕೊಡಲಿಲ್ಲ, ನೀರು ಕೊಡಲಿಲ್ಲ. ತನ್ನನ್ನು ತನಗೇ ಬಲಿಕೊಟ್ಟೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಇಷ್ಟೆಲ್ಲ ಮಾಡಿ ಅವನು ತಿಳಿದುಕೊಂಡದ್ದರಲ್ಲಿ ತನ್ನ ಸಾವೂ ಸೇರಿದೆ. ಫೆನ್ರಿರ್ ಎಂಬ ತೋಳ ತನ್ನನ್ನು ನುಂಗುತ್ತದೆ ಎಂದು ಅವನಿಗೆ ಗೊತ್ತು. ಗೊತ್ತಿದ್ದೂ ಆ ದಿನಕ್ಕೆ ಯೋಧರನ್ನು ಕೂಡಿಸುತ್ತಾನೆ.

ಟ್ಯೂರ್‌ನನ್ನು ನೀವು ‘ಯುದ್ಧದೇವತೆ, ಒಂಟಿಗೈ’ ಎಂಬ ಎರಡೇ ಮಾತಿನಲ್ಲಿ ಮುಗಿಸಿದ್ದೀರಿ. ಆ ಕೈ ಹೋದದ್ದು ಯುದ್ಧದಲ್ಲಲ್ಲ. ಫೆನ್ರಿರ್ ಎರಡು ಸಂಕೋಲೆಗಳನ್ನು ಹರಿದ ಮೇಲೆ ದೇವತೆಗಳು ಕುಳ್ಳರ ಕೈಯಲ್ಲಿ ಮೂರನೆಯದನ್ನು ಮಾಡಿಸಿದರು. ಬೆಕ್ಕಿನ ಹೆಜ್ಜೆಯ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು – ಇಷ್ಟು ಸೇರಿಸಿ ಹೊಸೆದ ರೇಷ್ಮೆಯಂಥ ಎಳೆ. ತೋಳಕ್ಕೆ ಅನುಮಾನ ಬಂತು. ಮೋಸವಿಲ್ಲದಿದ್ದರೆ ಒಬ್ಬರು ನನ್ನ ಬಾಯಲ್ಲಿ ಕೈ ಇಡಿ ಎಂದಿತು. ಮೋಸ ಇದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಂದೆ ಬಂದವನು ಟ್ಯೂರ್ ಒಬ್ಬನೇ. ಎಳೆ ಬಿಗಿಯಿತು, ದೇವತೆಗಳು ನಕ್ಕರು, ಟ್ಯೂರ್ ನಗಲಿಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಇಂಥದ್ದೇ ಗುಂಪಿನಲ್ಲಿ ಆಡುತ್ತಾಳೆ. ಒಮ್ಮೆ ಕೂತು ನೋಡಿದೆ. ಅವಳ ಪಾತ್ರ ಟ್ಯೂರ್. ಈ ಗಳಿಗೆ ಬಂದಾಗ ಗೇಮ್ ಮಾಸ್ಟರ್ ಹುಡುಗ ಕನಿಕರದಿಂದ, “ಡೈಸ್ ಉರುಳಿಸು, ಹದಿನೈದರ ಮೇಲೆ ಬಿದ್ದರೆ ಕೈ ಉಳಿಯುತ್ತೆ” ಎಂದ. ಅವಳು ಡೈಸ್ ಮುಟ್ಟಲಿಲ್ಲ. “ಕೈ ಹೋಗಲಿ. ಉಳಿದರೆ ನಾನು ತೋಳಕ್ಕೆ ಸುಳ್ಳು ಹೇಳಿ ತಪ್ಪಿಸಿಕೊಂಡ ಹಾಗಾಗುತ್ತೆ” ಅಂದಳು. ಮೇಜಿನ ಸುತ್ತ ಇದ್ದವರೆಲ್ಲ ಫೋನ್ ಕೆಳಗಿಟ್ಟರು. ಆ ಹುಡುಗಿ ಎಡ್ಡಾ ಓದಿದ್ದಳು. ಪಂಡಿತರಿಗಿರಲಿ ಎಂದು ನೀವು ಬದಿಗೆ ಸರಿಸಿದ ಪದ್ಯಗಳು ಅವಳ ಕೈಗೆ ಕೊಟ್ಟದ್ದು ಇದನ್ನು.

ಫ್ರೇ ಅಂತೂ ನಿಮ್ಮ ಶೀಟಿನಲ್ಲಿ ತಾನಾಗಿಯೇ ಹೋರಾಡುವ ಖಡ್ಗ ಹಿಡಿದು ನಿಂತಿದ್ದಾನೆ. ಆ ಖಡ್ಗವನ್ನು ಅವನು ಕೊಟ್ಟುಬಿಟ್ಟ! ಗೆರ್ಡ್ ಎಂಬ ದೈತ್ಯಕನ್ಯೆಯ ಮೇಲೆ ಮನಸ್ಸಾಗಿ, ಸಂದೇಶ ಒಯ್ಯುವ ಸೇವಕನಿಗೆ ಅದನ್ನು ಒಪ್ಪಿಸಿದ. ಮುಂದೆ ಒಬ್ಬ ದೈತ್ಯನನ್ನು ಜಿಂಕೆಯ ಕೊಂಬಿನಿಂದ ಕೊಲ್ಲಬೇಕಾಯಿತು. ಕೊನೆಯ ಯುದ್ಧದಲ್ಲಿ ಬೆಂಕಿಯ ದೈತ್ಯ ಸುರ್ಟ್ ಎದುರಿಗೆ ನಿಂತಾಗಲೂ ಕೈಯಲ್ಲಿ ಆ ಖಡ್ಗವಿಲ್ಲ, ಅವನು ಸಾಯುತ್ತಾನೆ. ಪ್ರೀತಿಗೆ ಆಯುಧ ಕೊಟ್ಟವನ ಕೈಗೆ ನೀವು ಮತ್ತೆ ಆಯುಧ ತುರುಕಿದ್ದೀರಿ. ಲೋಕಿಯನ್ನು ಓಡಿನ್‌ನ ಸಾಕುಮಗ ಎಂದಿದ್ದೀರಿ. ಅದು ಕಾಮಿಕ್ಸಿನ ಮಾತು. ಹಳೆಯ ಪದ್ಯದಲ್ಲಿ ಲೋಕಿ, ಓಡಿನ್ ರಕ್ತ ಬೆರೆಸಿಕೊಂಡ ಸೋದರರು. ತುಂಬಿದ ಸಭೆಯಲ್ಲಿ ಲೋಕಿ ಅದನ್ನು ನೆನಪಿಸಿದಾಗ ಓಡಿನ್ ಅವನಿಗೆ ಜಾಗ ಬಿಡಿಸಲೇಬೇಕಾಗುತ್ತದೆ. ಮನೆಯೊಳಗಿನ ಮಗನ ಮುನಿಸಿಗಿಂತ ಕೊಟ್ಟ ಮಾತಿಗೆ ಕಟ್ಟುಬಿದ್ದವನ ಸಂಕಟ ಆಟಕ್ಕೆ ಎಷ್ಟು ಹೆಚ್ಚು ಕಸುವು ಕೊಡುತ್ತದೆ, ನೋಡಿ.

ಇದಕ್ಕೆಲ್ಲ ಆಟದ ನಿಯಮಗಳಲ್ಲಿ ಜಾಗವಿಲ್ಲ ಎನ್ನಬೇಡಿ. 1981ರ ಚಾಂಪಿಯನ್ಸ್ ಆಟದಲ್ಲೇ ಜಾಗವಿತ್ತು. ಅಲ್ಲಿ ಪಾತ್ರವನ್ನು ಪಾಯಿಂಟ್ ಕೊಟ್ಟು ಕಟ್ಟಬೇಕು. ಹೆಚ್ಚು ಶಕ್ತಿ ಬೇಕಾದರೆ ಕೊರತೆಗಳನ್ನು ಹೊರಬೇಕು. ಬೆನ್ನಟ್ಟುವ ಶತ್ರು, ಮೀರಲಾಗದ ಪ್ರತಿಜ್ಞೆ, ದೇಹದ ಊನ – ಒಂದೊಂದಕ್ಕೂ ಇಂತಿಷ್ಟು ಪಾಯಿಂಟ್. ಓಡಿನ್ ಬಾವಿಯ ದಂಡೆಯಲ್ಲಿ ಮಾಡಿದ ವ್ಯವಹಾರ ಇದೇ ಅಲ್ಲವೇ? ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಆಟದ ಈಚಿನ ಆವೃತ್ತಿಗಳಲ್ಲಿ ಪಾತ್ರದ ತೊಡಕು ಅದನ್ನು ಕಷ್ಟಕ್ಕೆ ಸಿಲುಕಿಸಿದಾಗಲೆಲ್ಲ ಆಟಗಾರನಿಗೆ ಹೀರೋ ಪಾಯಿಂಟ್ ಸಿಗುತ್ತದೆ. ನಿಯಮ ಕಟ್ಟಿದವರಿಗೆ ಇದು ಹೊಳೆದಿತ್ತು. ನಿಮ್ಮ ಐದೂ ಶೀಟುಗಳಲ್ಲಿ ಆ ಅಂಕಣ ಖಾಲಿ.

ಇನ್ನೊಂದು ಸಂಗತಿಯನ್ನೂ ಯೋಚಿಸಿ. 1984ರ ಮಾರ್ವೆಲ್ ಆಟದಲ್ಲಿ ನಾಯಕ ಯಾರನ್ನಾದರೂ ಕೊಂದರೆ ಅವನು ಗಳಿಸಿದ ಕರ್ಮ ಪಾಯಿಂಟ್ ಅಷ್ಟೂ ಹೋಗುತ್ತದೆ. ಎಡ್ಡಾದ ಥಾರ್ ದೈತ್ಯರನ್ನು ಕೊಲ್ಲುವುದನ್ನೇ ಕೆಲಸ ಮಾಡಿಕೊಂಡವನು. ಥ್ರಿಮ್ ಎಂಬ ದೈತ್ಯ ಸುತ್ತಿಗೆ ಕದ್ದು ನೆಲದಡಿ ಹೂತಿಟ್ಟಾಗ, ಥಾರ್ ಮದುಮಗಳ ವೇಷ ತೊಟ್ಟು ಹೋಗುತ್ತಾನೆ. ಔತಣದಲ್ಲಿ ಒಂದು ಎತ್ತು, ಎಂಟು ಸಾಲ್ಮನ್ ಮೀನು ಮುಗಿಸುತ್ತಾನೆ. ಸುತ್ತಿಗೆಯನ್ನು ಮಡಿಲಿಗಿಟ್ಟ ಗಳಿಗೆಯಲ್ಲೇ ಮದುವೆಮನೆಯವರನ್ನೆಲ್ಲ ಬಡಿದು ಹಾಕುತ್ತಾನೆ. ಸೂಪರ್‌ಹೀರೋ ಧರ್ಮ ಒಂದು ಕಡೆ, ಈ ಥಾರ್ ಇನ್ನೊಂದು ಕಡೆ. ಈ ಎರಡರ ನಡುವೆ ನಿಮ್ಮ ಆಟಗಾರನನ್ನು ನಿಲ್ಲಿಸಿ. ಇಂದಿನ ನಗರದ ನಾಯಕರ ತಂಡಕ್ಕೆ ಇಂಥವನು ಸೇರಿದರೆ ಅವನನ್ನು ಒಪ್ಪುವವರು ಯಾರು, ತಡೆಯುವವರು ಯಾರು? ಒಂದು ಇಡೀ ಸಂಜೆಯ ಆಟ ಅಲ್ಲಿದೆ.

ನಕಾಶೆಯ ವಿಷಯ. ಒಂಬತ್ತು ಲೋಕಗಳನ್ನು ಹೆಸರಿಸಿ, ಬಣ್ಣ ಹಚ್ಚಿ, ಗೆರೆ ಎಳೆದಿದ್ದೀರಿ. ಲೋಕಗಳು ಒಂಬತ್ತು ಎಂದು ಹಳೆಯ ಪದ್ಯಗಳು ಹೇಳುತ್ತವೆ. ಒಂದೇ ಕಡೆ ಪಟ್ಟಿ ಮಾಡಿ ಕೊಡುವುದಿಲ್ಲ. ಆ ಲೋಕಗಳಿಗೆ ಹೋಗುವುದೇ ಒಂದು ಕಥೆ. ಓಡಿನ್‌ನ ಮಗ ಬಾಲ್ಡರ್ ಸತ್ತಾಗ, ಅವನನ್ನು ಮರಳಿ ತರಲು ಹೆರ್ಮೋಡ್ ಎಂಬ ದೇವತೆ ಎಂಟು ಕಾಲಿನ ಕುದುರೆಯೇರಿ ಒಂಬತ್ತು ರಾತ್ರಿ ಕಣ್ಣು ಕಾಣದ ಕಣಿವೆಗಳಲ್ಲಿ ಸವಾರಿ ಮಾಡಿ ಹೆಲ್ ಲೋಕ ಮುಟ್ಟುತ್ತಾನೆ. ಅಲ್ಲಿ ಯುದ್ಧವಿಲ್ಲ. ಒಂದೇ ಷರತ್ತು: ಜಗತ್ತಿನ ಎಲ್ಲವೂ ಅತ್ತರೆ ಬಾಲ್ಡರ್ ಮರಳಬಹುದು. ಕಲ್ಲು ಅತ್ತಿತು, ಲೋಹ ಅತ್ತಿತು. ಗುಹೆಯೊಂದರಲ್ಲಿ ಕೂತಿದ್ದ ಒಬ್ಬ ದೈತ್ಯೆ ಅಳಲಿಲ್ಲ. ದೈತ್ಯರ ಕೋಟೆ ಊಟ್‌ಗಾರ್ಡ್‌ನಲ್ಲಿ ಥಾರ್‌ಗೆ ಆದದ್ದೂ ಇಂಥದ್ದೇ. ಕೊಂಬಿನಲ್ಲಿದ್ದದ್ದನ್ನು ಕುಡಿದು ಮುಗಿಸಲಾರ, ಬೆಕ್ಕನ್ನು ಎತ್ತಲಾರ, ಮುದುಕಿಯೊಬ್ಬಳ ಎದುರು ಒಂದು ಮಂಡಿ ಊರುತ್ತಾನೆ. ಬೆಳಗಾದ ಮೇಲೆ ತಿಳಿಯುತ್ತದೆ: ಕೊಂಬಿನ ಇನ್ನೊಂದು ತುದಿ ಕಡಲಿನಲ್ಲಿತ್ತು, ಬೆಕ್ಕು ಭೂಮಿಯನ್ನು ಸುತ್ತಿದ ಸರ್ಪ, ಮುದುಕಿ ಮುಪ್ಪು. ಬಲ 100 ಇರುವ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಹಸವನ್ನು ಯಾವ ಆಟದ ಪುಸ್ತಕವೂ ಕೊಟ್ಟಿಲ್ಲ.

ಹೊಸದಾಗಿ ಕಲ್ಪಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಈ ಕಥೆಗಳನ್ನು ನಮಗೆ ಉಳಿಸಿಕೊಟ್ಟ ಸ್ನೋರಿ ಸ್ಟರ್ಲುಸನ್ ಕ್ರೈಸ್ತ. ಐಸ್‌ಲ್ಯಾಂಡ್ ಮತಾಂತರವಾಗಿ ಎರಡು ಶತಮಾನ ಕಳೆದ ಮೇಲೆ, 1220ರ ಸುಮಾರಿಗೆ ಬರೆದವನು. ಅವನ ಗ್ರಂಥದ ಮುನ್ನುಡಿಯಲ್ಲಿ ಥಾರ್ ಟ್ರಾಯ್ ನಗರದ ಪ್ರಿಯಾಮ್ ರಾಜನ ಮೊಮ್ಮಗ! ದೇವರುಗಳನ್ನು ಮನುಷ್ಯವೀರರನ್ನಾಗಿಸುವ ಕೆಲಸ ಎಂಟುನೂರು ವರ್ಷಗಳ ಹಿಂದೆಯೇ ಶುರುವಾಗಿತ್ತು. ಆದರೆ ಅಷ್ಟು ಧೈರ್ಯವಾಗಿ ಬದಲಾಯಿಸಿದವನೂ ಟ್ಯೂರ್‌ನ ಕೈಯನ್ನು ಮರಳಿ ಅಂಟಿಸಲಿಲ್ಲ.

ಬೆಲೆಯನ್ನು ಕಿತ್ತು ಬಲವನ್ನಷ್ಟೇ ಉಳಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಚರಿತ್ರೆ ಇದೆ. ನಾಜಿಗಳ ಎಸ್‌ಎಸ್ ಪಡೆ ಎರಡು ರೂನ್ ಅಕ್ಷರಗಳನ್ನು ತನ್ನ ಚಿಹ್ನೆ ಮಾಡಿಕೊಂಡಿತು. ಒಂಬತ್ತು ರಾತ್ರಿಯ ನೋವಿಗೆ ದಕ್ಕಿದ ಅಕ್ಷರಗಳು ಕೊಲೆಗಡುಕರ ಕೊರಳಪಟ್ಟಿಗೆ ಏರಿದವು. ನಮ್ಮಲ್ಲೂ ಈಗ ಆಗುತ್ತಿರುವುದನ್ನು ಕಂಡು ನನಗೆ ಕಳವಳವಾಗುತ್ತದೆ. ಮಕ್ಕಳ ಪುರಾಣ ಪುಸ್ತಕಗಳಲ್ಲಿ ಭೀಷ್ಮನಿಗೆ ಪಶ್ಚಾತ್ತಾಪವಿಲ್ಲ, ಧರ್ಮರಾಯನ ಅರ್ಧಸತ್ಯಕ್ಕೆ ಅರ್ಧ ಸಾಲು, ಯುದ್ಧ ಗೆದ್ದವರ ದುಃಖಕ್ಕೆ ಜಾಗವೇ ಇಲ್ಲ. ಎಲ್ಲ ದೇವರಿಗೂ ಉಬ್ಬಿದ ತೋಳು, ಗಂಟಿಕ್ಕಿದ ಹುಬ್ಬು. ಸತ್ತು ಬಿದ್ದ ದ್ರೋಣ, ಕರ್ಣರ ನಡುವೆ ದುರ್ಯೋಧನನನ್ನು ನಡೆಸಿ ನಮ್ಮ ಕಣ್ಣಲ್ಲಿ ನೀರು ತರಿಸಿದ ರನ್ನನ ಭಾಷೆ ಇದು. ಸೋಲುವವನ ಪಕ್ಕ ನಿಲ್ಲುವುದನ್ನು ಸಾವಿರ ವರ್ಷದ ಹಿಂದೆಯೇ ಕಲಿತ ನಾವು ಮಕ್ಕಳಿಗೆ ಗೆಲ್ಲುವುದನ್ನಷ್ಟೇ ಕೊಡುತ್ತಿದ್ದೇವೆ.

ಐಸ್‌ಲ್ಯಾಂಡಿನವರನ್ನು ನೋಡಿ. ಹಳೆಯ ದೇವತಾಪದ್ಯಗಳ ಮುಖ್ಯ ಹಸ್ತಪ್ರತಿ 1270ರ ಸುಮಾರಿನದು, ಉಳಿದಿರುವುದು 45 ಹಾಳೆ. ಶತಮಾನಗಳ ಕಾಲ ಡೆನ್ಮಾರ್ಕಿನಲ್ಲಿದ್ದ ಅದು 1971ರ ಏಪ್ರಿಲ್ 21ರಂದು ಹಡಗಿನಲ್ಲಿ ರೇಕ್ಯಾವಿಕ್ ತಲುಪಿದಾಗ ಬಂದರಿನಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಮರುವರ್ಷವೇ ಆ ಹಳೆಯ ದೇವರುಗಳನ್ನು ಪೂಜಿಸುವವರ ಸಂಘವೊಂದು ಅಲ್ಲಿ ಹುಟ್ಟಿತು; ಇಂದಿಗೂ ಇದೆ. ನೀವು ಶೀಟು ಬರೆಯುತ್ತಿರುವುದು ಯಾರೋ ಈಗಲೂ ಕೈ ಮುಗಿಯುವ ದೇವರಿಗೆ. ಇಂದ್ರನ ಹಿಟ್ ಪಾಯಿಂಟ್ ಕಂಡು ನಿಮಗೆ ಕಸಿವಿಸಿಯಾಗುವುದಾದರೆ, ಅಷ್ಟೇ ಎಚ್ಚರವನ್ನು ಓಡಿನ್‌ಗೂ ತೋರಿಸಿ.

ಇನ್ನು ನಿಮ್ಮ ರಾಗ್ನರಾಕ್ ಪ್ರಶ್ನೆ. ತಡೆಯುವಂತೆ ಇಡಬೇಡಿ. ಕೊನೆ ಗೊತ್ತಿದ್ದರೆ ಆಟಕ್ಕೆ ರುಚಿ ಇರದು ಎಂಬ ಭಯ ನಿಮ್ಮದು. ತಾಳಮದ್ದಳೆ ಕೇಳಿದ್ದೀರಾ? ವೇಷವಿಲ್ಲದೆ ಕೂತ ಅರ್ಥಧಾರಿಗೆ ಕರ್ಣ ಸಾಯುತ್ತಾನೆಂದು ಗೊತ್ತು, ಕೇಳುವ ಊರಿಗೂ ಗೊತ್ತು. ಆದರೂ ಅವನು ಅಲ್ಲೇ ಮಾತು ಹುಟ್ಟಿಸಿ, ಕೃಷ್ಣನ ಜೊತೆ ಬೆಳಗಿನ ಜಾವದವರೆಗೂ ವಾದ ಹೂಡುತ್ತಾನೆ, ಜನ ಏಳುವುದಿಲ್ಲ. ರಾಗ್ನರಾಕ್‌ನಲ್ಲಿ ಥಾರ್ ಭೂಮಿಯನ್ನು ಸುತ್ತಿದ ಆ ಸರ್ಪವನ್ನು ಕೊಂದು, ಅದರ ವಿಷಕ್ಕೆ ಒಂಬತ್ತು ಹೆಜ್ಜೆ ಹಿಂದೆ ಸರಿದು ಬೀಳುತ್ತಾನೆ. ಆ ಒಂಬತ್ತು ಹೆಜ್ಜೆಗಳನ್ನು ನಿಮ್ಮ ಆಟಗಾರನಿಗೆ ಕೊಡಿ. ಒಂದೊಂದರಲ್ಲಿ ಏನು ಮಾಡುತ್ತಾನೆ, ಯಾರಿಗೆ ಏನು ಹೇಳುತ್ತಾನೆ ಎಂದು ಅವನೇ ತೀರ್ಮಾನಿಸಲಿ.

ಅಲ್ಲಿಗೆ ಆಟ ಮುಗಿಯಬೇಕಿಲ್ಲ. ಕಡಲಿನಿಂದ ಭೂಮಿ ಹಸಿರಾಗಿ ಮತ್ತೆ ಏಳುತ್ತದೆ. ಬದುಕುಳಿದ ದೇವತೆಗಳಿಗೆ ಹುಲ್ಲಿನ ನಡುವೆ ಹಿಂದಿನವರು ಆಡಿ ಬಿಟ್ಟ ಚಿನ್ನದ ಆಟದ ಕಾಯಿಗಳು ಸಿಗುತ್ತವೆ. ಇದು ನನ್ನ ಕಲ್ಪನೆಯಲ್ಲ, ಪದ್ಯದಲ್ಲಿದೆ. ಥಾರ್‌ನ ಮಕ್ಕಳಾದ ಮೋದಿ, ಮಗ್ನಿ ಇಬ್ಬರಿಗೆ ಸುತ್ತಿಗೆ ದಕ್ಕುತ್ತದೆ. ಬಾಲ್ಡರ್ ಹೆಲ್‌ನಿಂದ ಮರಳುತ್ತಾನೆ. ಕಣ್ಣು ಕಾಣದೆ, ಲೋಕಿಯ ಕುತಂತ್ರಕ್ಕೆ ಸಿಕ್ಕಿ ಅವನನ್ನು ಕೊಂದ ಸೋದರ ಹೋಡ್ ಕೂಡ ಮರಳುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಬಾಳಬೇಕು. ನಿಮ್ಮ ಸೂಪರ್‌ಹೀರೋ ತಂಡವನ್ನು ಇಲ್ಲಿಂದ ಶುರು ಮಾಡಿ. ಮೊದಲು ಹೋಡ್‌ನ ಶೀಟು ಬರೆಯಿರಿ, ಕೊರತೆಗಳ ಅಂಕಣ ತುಂಬಿದ ಮೇಲೆಯೇ ಶಕ್ತಿಯ ಅಂಕಣಕ್ಕೆ ಬನ್ನಿ, ಬರೆದದ್ದನ್ನು ನಮಗೂ ಕಳಿಸಿ. ಒಪ್ಪವಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ